ಪಡುವಣ ಗೋಡೆಗೆ ಸಿಮೆಂಟ್ ಬೋರ್ಡ್ ಹೊದಿಸಬಹುದೇ?

ಪ್ರಶ್ನೆ: ಸರ್, ನಮ್ಮದು ಕಾರವಾರ ತಾಲೂಕಿನ ಮಾಜಾಳಿ ಕಡೆ. ಸಮುದ್ರಕ್ಕೆ ಸುಮಾರು 300 ಮೀಟರ್ ಇರಬಹುದು. 2009ರಲ್ಲಿ ಕಟ್ಟಿಸಿದ ಮಹಡಿ ಮನೆ. ಗೋಡೆಯೆಲ್ಲ ಚಿರೇಕಲ್ಲು, ಹೊರಗೆ ಸಿಮೆಂಟ್ ಪ್ಲಾಸ್ಟರ್, ನಡುವೆ ಸ್ಲ್ಯಾಬ್, ಮೇಲೆ ಹಂಚು. ಪಡುವಣ ಗೋಡೆಗೆ ಸೂರು ಒಂದಡಿಯೂ ಹೊರಗೆ ಬಂದಿಲ್ಲ. ಜೂನ್ ಕೊನೆಗೆ ಮಹಡಿ ಕೋಣೆಯ ಕಿಟಕಿ ಕೆಳಗೆ ಒದ್ದೆ ಶುರುವಾಗ್ತದೆ, ಜುಲೈಗೆ ಗೋಡೆ ತುಂಬ ಹರಡ್ತದೆ, ಡಿಸೆಂಬರಿಗೆ ಒಣಗ್ತದೆ. ಕೆಳಗಿನ ಕೋಣೆಗೆ ಅಷ್ಟು ತೊಂದರೆ ಇಲ್ಲ. ಹೊರಗೆ ಸ್ಲ್ಯಾಬಿನ ಮಟ್ಟದಲ್ಲಿ ಉದ್ದಕ್ಕೆ ಒಂದು ಬಿರುಕು ಇದೆ. ವಾಟರ್‌ಪ್ರೂಫ್ ಪೇಂಟ್ ಎರಡು ಸಲ ಹೊಡೆಸಿದೆವು, ಗುಳ್ಳೆ ಎದ್ದು ಸಿಪ್ಪೆ ಬಿತ್ತು. ಈಗ ಕಾಂಟ್ರಾಕ್ಟರ್ ಒಬ್ಬರು ಹೊರಗಿನಿಂದ ಸಿಮೆಂಟ್ ಬೋರ್ಡ್ ಹೊಡೆದರೆ ಮೂವತ್ತು ವರ್ಷ ಚಿಂತೆ ಇಲ್ಲ ಅಂತಾರೆ. ಅಮೆರಿಕದಲ್ಲಿ ಚಂಡಮಾರುತ ಬರೋ ಊರಲ್ಲೆಲ್ಲ ಇದನ್ನೇ ಹಾಕ್ತಾರೆ ಅಂತ ಮಗ ವಿಡಿಯೋ ತೋರಿಸ್ತಾನೆ. ನಮ್ಮ ಭಾವನವರು ಮಾತ್ರ, ತೌಕ್ತೆ ಚಂಡಮಾರುತದಂಥ ಗಾಳಿ ಬಂದರೆ ಬೋರ್ಡೆಲ್ಲ ಹಾರಿ ಪಕ್ಕದ ಮನೆ ಮೇಲೆ ಬೀಳ್ತದೆ ಅಂತಾರೆ. ಯಾರ ಮಾತು ಸರಿ? ಎಷ್ಟು ದಪ್ಪದ್ದು ಹಾಕಬೇಕು? ಅದರಲ್ಲಿ ಆಸ್ಬೆಸ್ಟಾಸ್ ಇರ್ತದಾ? ಈ ಮೇ ತಿಂಗಳೊಳಗೆ ಮುಗಿಸಬಹುದಾ?

ಉತ್ತರ: ನಿಮ್ಮ ಚಿಂತೆ ಎರಡು ಇದೆ. ಒಂದು, ಗೋಡೆಗೆ ಇಳಿಯುವ ನೀರು. ಇನ್ನೊಂದು, ಅದನ್ನು ತಡೆಯಲು ಹಾಕಿದ್ದೇ ಗಾಳಿಗೆ ಕಿತ್ತು ಹೋದರೆ ಅನ್ನುವ ಭಯ. ಎರಡೂ ನ್ಯಾಯವಾದ ಚಿಂತೆಯೇ. ಸಿಮೆಂಟ್ ಬೋರ್ಡ್ ಒಳ್ಳೆಯ ವಸ್ತು, ನಮ್ಮ ಕರಾವಳಿಗೆ ಹೊಂದುತ್ತದೆ. ಆದರೆ ನಿಮ್ಮ ಗೋಡೆಗೆ ಮೊದಲು ಬೇಕಾದದ್ದು ಬೋರ್ಡ್ ಅಲ್ಲ. ಬೋರ್ಡ್ ಹಾಕಿಸುವುದೇ ಆದರೂ ಅದು ಗಾಳಿಮಳೆಗೆ ನಿಲ್ಲುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಬೋರ್ಡಿನ ದಪ್ಪಕ್ಕಿಂತ ಅದರ ಹಿಂದೆ ಇರುವ ಸಂದು, ಫ್ರೇಮು ಮತ್ತು ಸ್ಕ್ರೂ.

ಮೊದಲು ನೀರಿನ ಮಾತು. ಗೋಡೆ ಒದ್ದೆಯಾಗಲು ಬೇರೆ ಬೇರೆ ದಾರಿ ಇರುತ್ತವೆ. ನೆಲದಿಂದ ತೇವ ಏರಿದರೆ ಕೆಳಗಿನ ಕೋಣೆಯ ಬುಡದಲ್ಲಿ ಕಾಣುತ್ತದೆ, ನಿಮಗೆ ಅದಿಲ್ಲ. ಮಾಡು ಸೋರಿದರೆ ಕಲೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಅದೂ ಇಲ್ಲ. ಪ್ಲಾಸ್ಟರಿಗೆ ಅಳಿವೆಯ ಉಪ್ಪು ಮರಳು ಬಳಸಿದ್ದರೆ ಆ ಉಪ್ಪು ಗಾಳಿಯ ತೇವವನ್ನೇ ಎಳೆದುಕೊಂಡು ಗೋಡೆ ಬೆವರುತ್ತದೆ, ಬಿಳಿ ಪುಡಿ ಉದುರುತ್ತದೆ. ಇದನ್ನು ಒಮ್ಮೆ ನೋಡಿಸಿ, ಕಾಳಿ ನದಿಯ ಬಾಯಿಯಿಂದ ಹಿಡಿದು ಶರಾವತಿಯವರೆಗೆ ಅಳಿವೆ ಹತ್ತಿರದ ಮರಳು ಸರಿಯಾಗಿ ತೊಳೆಯದೆ ಬಳಸಿದ ಮನೆಗಳಲ್ಲಿ ಇದು ಇದ್ದೇ ಇರುತ್ತದೆ. ಆದರೆ ನೀವು ಹೇಳಿದ ಲಕ್ಷಣ, ಅಂದರೆ ಕಿಟಕಿ ಕೆಳಗೆ ಶುರುವಾಗಿ, ಮಳೆ ಹಿಡಿದು ಕೆಲವು ವಾರಕ್ಕೆ ಹರಡಿ, ಮಳೆಗಾಲ ಮುಗಿದ ಮೇಲೆ ನಿಧಾನವಾಗಿ ಒಣಗುವುದು, ಅದು ಎರಚಲಿನ ನೀರು. ನೈರುತ್ಯದಿಂದ ಬರುವ ಅಡ್ಡಮಳೆ ನೇರವಾಗಿ ಆ ಗೋಡೆಗೆ ಬಡಿಯುತ್ತದೆ.

ಕಾರವಾರದ ಕಡೆ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ಎಷ್ಟು ಅನ್ನುವುದಕ್ಕಿಂತ ಅದರ ಹಿಂದೆ ಗಾಳಿ ಇದೆ ಅನ್ನುವುದೇ ಮುಖ್ಯ. ಗಾಳಿ ಗೋಡೆಯನ್ನು ಹೊರಗಿನಿಂದ ಒತ್ತುತ್ತದೆ, ಒಳಗೆ ಒತ್ತಡ ಕಡಿಮೆ. ಕೂದಲೆಳೆಯಷ್ಟು ಬಿರುಕು ಇದ್ದರೂ ಸಾಕು, ಗೋಡೆ ಮೇಲೆ ಹರಿಯುತ್ತಿರುವ ನೀರನ್ನು ಆ ಒತ್ತಡ ಒಳಗೆ ತಳ್ಳುತ್ತದೆ. ಒಳಗೆ ಹೋದ ನೀರನ್ನು ಚಿರೇಕಲ್ಲು ಹೀರಿ ಇಟ್ಟುಕೊಳ್ಳುತ್ತದೆ, ಅದು ರಂಧ್ರದ ಕಲ್ಲು. ಹೀರಿದ್ದು ಹೊರಗೆ ಹೋಗಬೇಕಲ್ವಾ? ಅಲ್ಲಿಗೆ ನೀವು ವಾಟರ್‌ಪ್ರೂಫ್ ಪೇಂಟ್ ಹೊಡೆದಿದ್ದೀರಿ. ಬಿರುಕಿನಿಂದ ಹೊಕ್ಕ ನೀರು ಪೇಂಟಿನ ಹಿಂದೆ ಸಿಕ್ಕಿಬಿತ್ತು. ಬಿಸಿಲು ಬಂದಾಗ ಆವಿಯಾಗಿ ಹೊರಗೆ ಬರಲು ಹೋಗಿ ಪೇಂಟನ್ನೇ ಎತ್ತಿತು. ಗುಳ್ಳೆ ಬಂದದ್ದು ಪೇಂಟ್ ಕಳಪೆ ಅಂತ ಅಲ್ಲ. ಎಷ್ಟು ದುಬಾರಿ ಪೇಂಟ್ ತಂದರೂ ಆ ಗೋಡೆಯಲ್ಲಿ ಅದೇ ಆಗುತ್ತಿತ್ತು.

ಸ್ಲ್ಯಾಬ್ ಮಟ್ಟದ ಆ ಉದ್ದ ಬಿರುಕಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಾಂಕ್ರೀಟು ಬಿಸಿಲಿಗೆ ಹಿಗ್ಗುವ ರೀತಿ ಬೇರೆ, ಚಿರೇಕಲ್ಲಿನದು ಬೇರೆ. ಎರಡೂ ಸೇರುವ ಕಡೆ ಪ್ಲಾಸ್ಟರ್ ಒಳಗೆ ಜಾಳಿಗೆ ಕೊಡದಿದ್ದರೆ ಅಲ್ಲಿ ಗೆರೆ ಎಳೆದಂತೆ ಬಿರುಕು ಬಿಡುತ್ತದೆ. ಬಹುತೇಕ ಮನೆಗಳಲ್ಲಿ ಅಷ್ಟೇ ಇರುತ್ತದೆ. ಆದರೆ ಸಮುದ್ರದ ಹತ್ತಿರ ಇನ್ನೊಂದು ಸಾಧ್ಯತೆ ಇದೆ. ಸ್ಲ್ಯಾಬಿನ ಅಂಚಿನ ಬೀಮಿನಲ್ಲಿ ಕಬ್ಬಿಣದ ರಾಡು ತುಕ್ಕು ಹಿಡಿದು ಊದಿಕೊಂಡು ಕಾಂಕ್ರೀಟನ್ನು ಸೀಳುತ್ತಿರಬಹುದು. ಕಾಂಕ್ರೀಟಿನ ರಾಷ್ಟ್ರೀಯ ಮಾನಕ ಐಎಸ್ 456 ಕರಾವಳಿಯ ವಾತಾವರಣವನ್ನು ತೀವ್ರ ಅನ್ನುವ ವರ್ಗದಲ್ಲಿ ಇಡುತ್ತದೆ. ಅಲ್ಲಿ ಕನಿಷ್ಠ ಎಂ30 ಅನ್ನುವ ಶಕ್ತಿಯ ದರ್ಜೆಯ ಕಾಂಕ್ರೀಟು, ರಾಡಿನ ಮೇಲೆ 45 ಮಿ.ಮೀ. ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ ಬೇಕು ಅನ್ನುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎಂ20, ಕವರ್ ಅದರ ಅರ್ಧದಷ್ಟು. ಹಾಗಾಗಿ ಬಿರುಕಿನ ಹತ್ತಿರ ಕಂದು ಕಲೆ ಇದೆಯಾ ನೋಡಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಟೊಳ್ಳು ಸದ್ದು ಬರುತ್ತದಾ ನೋಡಿ. ಬಂದರೆ ಮೊದಲು ಅದರ ರಿಪೇರಿ. ತುಕ್ಕು ಹಿಡಿದ ಬೀಮಿನ ಮೇಲೆ ಬೋರ್ಡ್ ಮುಚ್ಚಿಬಿಟ್ಟರೆ ಮುಂದಿನ ಹತ್ತು ವರ್ಷ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಈ ಕೆಲಸದಲ್ಲಿ ನಿಜವಾಗಿ ಭಯ ಹುಟ್ಟಿಸುವ ವಿಷಯ ಇದೊಂದೇ.

ಈಗ ಮಗ ತೋರಿಸಿದ ವಿಡಿಯೋ. ಅಲ್ಲಿಯ ಮನೆಗಳ ಗೋಡೆ ಹೆಚ್ಚಾಗಿ ಮರದ ಚೌಕಟ್ಟು. ಅದರ ಮೇಲೆ ಹಲಗೆ, ನೀರು ತಡೆಯುವ ಹಾಳೆ, ಅದರ ಮೇಲೆ ಸೈಡಿಂಗ್ ಅನ್ನುವ ಹೊರಹೊದಿಕೆ. ಆ ಚೌಕಟ್ಟಿಗೆ ಹೊರಗಿನ ಹೊದಿಕೆ ಬೇಕೇ ಬೇಕು. ಮರ, ಪ್ಲಾಸ್ಟಿಕ್ ಹೊದಿಕೆಗೆ ಹೋಲಿಸಿದರೆ ಸಿಮೆಂಟ್ ಬೋರ್ಡ್ ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಬೆಂಕಿ ಹಿಡಿಯುವುದಿಲ್ಲ, ಹಾಗಾಗಿ ಅಲ್ಲಿ ಅದಕ್ಕೆ ಮರ್ಯಾದೆ. 1992ರ ಆಂಡ್ರ್ಯೂ ಚಂಡಮಾರುತದಲ್ಲಿ ದಕ್ಷಿಣ ಫ್ಲಾರಿಡಾದ ಸಾವಿರಾರು ಮನೆ ನೆಲಸಮವಾದ ಮೇಲೆ ಅಲ್ಲಿ ಕಟ್ಟಡ ನಿಯಮ ಬಿಗಿ ಮಾಡಿದರು. ಮಯಾಮಿ-ಡೇಡ್ ಕೌಂಟಿಯಲ್ಲಿ ಹೊರಗೋಡೆಗೆ ಹಾಕುವ ವಸ್ತುವಿಗೆ ಪರೀಕ್ಷೆ ಮಾಡಿ ಒಪ್ಪಿಗೆ ಕೊಡುತ್ತಾರೆ. ಆ ಒಪ್ಪಿಗೆ ಬರೀ ಬೋರ್ಡಿಗೆ ಅಲ್ಲ. ಯಾವ ಚೌಕಟ್ಟು, ಎಷ್ಟು ಅಂತರ, ಯಾವ ಮೊಳೆ, ಎಷ್ಟೆಷ್ಟು ದೂರಕ್ಕೆ ಅನ್ನುವುದೆಲ್ಲ ಸೇರಿದ್ದಕ್ಕೆ. ನಮ್ಮ ಕಡೆ ಬೋರ್ಡ್ ಮಾರುವವರು ಚಂಡಮಾರುತ ತಡೆಯುತ್ತದೆ ಅನ್ನುವ ಅರ್ಧ ಮಾತನ್ನು ಮಾತ್ರ ತಂದಿದ್ದಾರೆ.

ನಿಮ್ಮ ಗೋಡೆ ಚಿರೇಕಲ್ಲಿನದು, ತಾನಾಗಿಯೇ ಗಟ್ಟಿ ಇದೆ. ಅಲ್ಲಿ ಬೋರ್ಡಿಗೆ ಇರುವ ಕೆಲಸ ಒಂದೇ, ಎರಚಲನ್ನು ಗೋಡೆಗೆ ಮುಟ್ಟದಂತೆ ತಡೆಯುವುದು. ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ಪಡುವಣ ಜಗುಲಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಶಿರಸಿ ಕಡೆ ಅಡಿಕೆ ಸೋಗೆ ಕಟ್ಟುತ್ತಿದ್ದರು. ಮಣ್ಣಿನ ಗೋಡೆ ಉಳಿದದ್ದು ಅದರಿಂದಲೇ. ತಟ್ಟಿ ಗೋಡೆಗೆ ಅಂಟಿರಲಿಲ್ಲ, ನಡುವೆ ಗಾಳಿ ಆಡುತ್ತಿತ್ತು. ಸಿಮೆಂಟ್ ಬೋರ್ಡನ್ನೂ ಹಾಗೇ ಹಾಕಬೇಕು. ಗೋಡೆಗೂ ಬೋರ್ಡಿಗೂ ನಡುವೆ ಸುಮಾರು 25 ಮಿ.ಮೀ. ಸಂದು, ಕೆಳಗೂ ಮೇಲೂ ಆ ಸಂದು ತೆರೆದಿರಬೇಕು. ಹೀಗೆ ತೆರೆದಿದ್ದರೆ ಗಾಳಿ ಸಂದಿನ ಒಳಗೂ ಹೋಗುತ್ತದೆ, ಬೋರ್ಡಿನ ಮುಂದೆ ಹಿಂದೆ ಒತ್ತಡ ಹತ್ತಿರ ಹತ್ತಿರ ಸಮವಾಗುತ್ತದೆ, ನೀರನ್ನು ಒಳಗೆ ತಳ್ಳುವ ಬಲವೇ ಕುಗ್ಗುತ್ತದೆ. ಜಾಯಿಂಟಿನಲ್ಲಿ ನುಗ್ಗಿದ ಸ್ವಲ್ಪ ನೀರು ಬೋರ್ಡಿನ ಹಿಂಬದಿಯಲ್ಲೇ ಇಳಿದು ಕೆಳಗೆ ಹೋಗುತ್ತದೆ. ಬಾಯಿಗೆ ಸಣ್ಣ ಜಾಳಿಗೆ ಹಾಕಿಸಿ, ಇಲ್ಲದಿದ್ದರೆ ಬಾವಲಿ, ಕಣಜ, ಹಾವು ಎಲ್ಲ ಸೇರುತ್ತವೆ.

ಸಿಮೆಂಟ್ ಬೋರ್ಡ್ ನೀರು ಹೀರುವುದಿಲ್ಲ ಅನ್ನುವುದು ಸುಳ್ಳು. ಸಿಮೆಂಟು, ಮರಳಿನ ಪುಡಿ, ಮರದ ತಿರುಳಿನ ನಾರು ಸೇರಿಸಿ ಮಾಡಿದ್ದು ಅದು. ತನ್ನ ತೂಕದ ಕಾಲು ಭಾಗಕ್ಕೂ ಮೀರಿ ನೀರು ಕುಡಿಯಬಲ್ಲದು. ಕುಡಿದರೆ ಕರಗುವುದಿಲ್ಲ, ಕೊಳೆಯುವುದಿಲ್ಲ, ಆದರೆ ಒಣಗಲು ಅವಕಾಶ ಬೇಕು. ಗೋಡೆಗೆ ನೇರ ಅಂಟಿಸಿ, ಜಾಯಿಂಟಿಗೆಲ್ಲ ಸಿಲಿಕಾನ್ ತುಂಬಿದರೆ ನಿಮ್ಮ ಪೇಂಟಿಗೆ ಆದದ್ದೇ ಮತ್ತೆ ಆಗುತ್ತದೆ, ಈ ಸಲ ದೊಡ್ಡ ಖರ್ಚಿನಲ್ಲಿ. ನಿಮ್ಮ ಕಾಂಟ್ರಾಕ್ಟರ್ ಗೋಡೆಗೆ ನೇರ ಹೊಡೆಯುವ ಮಾತಾಡಿದ್ದರೆ ಅಲ್ಲೇ ನಿಲ್ಲಿಸಿ.

ಭಾವನವರ ಭಯಕ್ಕೆ ಬರುತ್ತೇನೆ, ಅವರು ಹೇಳಿದ್ದರಲ್ಲಿ ಸತ್ಯ ಇದೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಗೆ ಅಪ್ಪಳಿಸಲಿಲ್ಲ, ಸಮುದ್ರದಲ್ಲೇ ಹಾದು 17ರಂದು ಗುಜರಾತಿನಲ್ಲಿ ದಡ ಸೇರಿತು. ಆದರೂ ಇಲ್ಲಿ ಎಷ್ಟು ಹಂಚು, ಎಷ್ಟು ಶೀಟು ಹಾರಿತು ಅಂತ ನೀವೇ ನೋಡಿದ್ದೀರಿ. ಗಾಳಿ ಹೊರೆಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಮಂಗಳೂರಿಗೂ ಪಣಜಿಗೂ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್ ಅಂತ ಇದೆ, ಅಂದರೆ ಗಂಟೆಗೆ 140 ಕಿ.ಮೀ. ಕಾರವಾರ ಇವೆರಡರ ನಡುವೆ ಇದೆ, ಅದೇ ಲೆಕ್ಕ ಹಿಡಿಯೋಣ. ಆ ವೇಗದಲ್ಲಿ ಒಂದು ಚದರ ಮೀಟರಿಗೆ ಸುಮಾರು 93 ಕೆ.ಜಿ. ಬಲ ಬೀಳುತ್ತದೆ. 8 ಅಡಿ 4 ಅಡಿಯ ಒಂದು ಬೋರ್ಡಿಗೆ 275 ಕೆ.ಜಿ. ಆಸುಪಾಸು. ಇನ್ನೂ ಒಂದು ಮಾತು, ಗಾಳಿ ತಳ್ಳುವುದಷ್ಟೇ ಅಲ್ಲ, ಮನೆಯ ಮೂಲೆ ದಾಟುವಾಗ ಹೊರಕ್ಕೆ ಎಳೆಯುತ್ತದೆ. ಮೂಲೆಯ ಬೋರ್ಡಿಗೆ ಈ ಎಳೆತ ಒಂದೂವರೆ ಪಟ್ಟು ಅಂತ ಇಟ್ಟುಕೊಂಡರೂ 400 ಕೆ.ಜಿ. ದಾಟಿತು. ಅದನ್ನೆಲ್ಲ ಹಿಡಿಯಬೇಕಾದದ್ದು ಸ್ಕ್ರೂ. ಫ್ರೇಮಿನ ಕಂಬಿ 400 ಮಿ.ಮೀ.ಗೆ ಒಂದು, ಸ್ಕ್ರೂ 300 ಮಿ.ಮೀ.ಗೆ ಒಂದು ಕೊಟ್ಟರೆ ಒಂದು ಬೋರ್ಡಿಗೆ 36 ಸ್ಕ್ರೂ ಬರುತ್ತದೆ. ಒಂದೊಂದಕ್ಕೂ 12 ಕೆ.ಜಿ. ಒಳಗೇ ಪಾಲು. ಕೆಲಸ ಬೇಗ ಮುಗಿಸಲು 12 ಸ್ಕ್ರೂ ಹೊಡೆದು ಹೋದರೆ ಒಂದೊಂದಕ್ಕೆ 35 ಕೆ.ಜಿ. ಆಗ ಸ್ಕ್ರೂ ಕಿತ್ತು ಬರುವುದಿಲ್ಲ, ಸ್ಕ್ರೂ ತಲೆ ಅಲ್ಲೇ ಉಳಿದು ಬೋರ್ಡೇ ತೂತು ಹರಿದುಕೊಂಡು ಹೋಗುತ್ತದೆ, ಅದೂ ಅಂಚಿಗೆ ತೀರಾ ಹತ್ತಿರ ಹೊಡೆದ ಕಡೆಯಿಂದ ಶುರುವಾಗಿ. ಇದು ಅಂದಾಜು ಲೆಕ್ಕ. ನಿಮ್ಮ ಮನೆಯ ಎತ್ತರ, ಸುತ್ತಲಿನ ಬಯಲು ನೋಡಿ ಎಂಜಿನಿಯರ್ ಒಬ್ಬರಿಂದ ಸರಿಯಾಗಿ ಮಾಡಿಸಿಕೊಳ್ಳಿ.

ಫ್ರೇಮು ಗೋಡೆಯನ್ನು ಹಿಡಿದಿರಬೇಕಲ್ಲ, ಚಿರೇಕಲ್ಲಿನಲ್ಲಿ ಅದೇ ದೊಡ್ಡ ಸಮಸ್ಯೆ. ಕಲ್ಲು ಮೆತ್ತಗೆ, ಒಳಗೆ ತೂತು. ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಮೊದಲ ದಿನ ಗಟ್ಟಿ ಅನಿಸುತ್ತದೆ, ಒಂದು ಮಳೆಗಾಲದ ಗಾಳಿಗೆ ಅಲುಗಾಡಿ ಅಲುಗಾಡಿ ಸಡಿಲವಾಗುತ್ತದೆ. ಸಾಧ್ಯವಾದಷ್ಟು ಕಡೆ ಫ್ರೇಮನ್ನು ಕಿಟಕಿ ಮೇಲಿನ ಲಿಂಟಲ್, ಸ್ಲ್ಯಾಬ್ ಅಂಚಿನ ಬೀಮು, ಇಂಥ ಕಾಂಕ್ರೀಟಿಗೇ ಕಟ್ಟಬೇಕು. ಕಲ್ಲಿಗೆ ಕಟ್ಟಲೇಬೇಕಾದ ಕಡೆ ಜಾಳಿಗೆ ಕೊಳವೆ ಇಟ್ಟು ಅಂಟು ತುಂಬಿ ಬೋಲ್ಟ್ ಕೂರಿಸುವ ಕೆಮಿಕಲ್ ಆಂಕರ್ ಬಳಸಬೇಕು. ಕೆಲಸ ಶುರು ಮಾಡುವ ಮುಂಚೆ ನಿಮ್ಮದೇ ಗೋಡೆಯಲ್ಲಿ ಎರಡು ಮೂರು ಆಂಕರ್ ಹಾಕಿ ಎಳೆದು ನೋಡಲು ಹೇಳಿ. ಫ್ರೇಮಿಗೆ ಜಿಪ್ಸಮ್ ಸೀಲಿಂಗಿನ ತೆಳು ಜಿಐ (ಸತು ಲೇಪಿಸಿದ ಕಬ್ಬಿಣದ) ಚಾನೆಲ್ ಬೇಡವೇ ಬೇಡ, ಅದು ಮನೆಯೊಳಗಿನ ಸಾಮಾನು. ಉಪ್ಪುಗಾಳಿಗೆ ಅಲ್ಯೂಮಿನಿಯಂ ಸೆಕ್ಷನ್ ಒಳ್ಳೆಯದು, ಆದರೆ ಒದ್ದೆ ಸಿಮೆಂಟಿನ ಕ್ಷಾರ ಅದನ್ನು ತಿನ್ನುತ್ತದೆ, ಗೋಡೆಗೆ ತಾಗುವ ಕಡೆ ರಬ್ಬರ್ ಪ್ಯಾಡ್ ಇಡಬೇಕು.

ದಪ್ಪ ಕೇಳಿದ್ದಿರಿ. 4, 6 ಮಿ.ಮೀ. ಬೋರ್ಡು ಒಳಗಿನ ಸೀಲಿಂಗ್, ಪಾರ್ಟಿಶನ್ನಿಗೆ. ಸಮುದ್ರದ ಗಾಳಿಗೆ ತೆರೆದ ಗೋಡೆಗೆ 8ಕ್ಕಿಂತ ಕಡಿಮೆ ಬೇಡ, ನಿಮ್ಮ ಮಹಡಿಗೆ ನಾನಾದರೆ 10 ಹಾಕಿಸುತ್ತೇನೆ. 10 ಮಿ.ಮೀ.ನ ಒಂದು ಬೋರ್ಡು 40 ಕೆ.ಜಿ. ಹತ್ತಿರ ತೂಗುತ್ತದೆ, ಹತ್ತಿ ನಿಲ್ಲುವ ಸಾರವೆ ಸರಿಯಾಗಿ ಕಟ್ಟಬೇಕು. ದಪ್ಪಕ್ಕಿಂತ ಮುಖ್ಯ, ಬೋರ್ಡು ಹೊರಾಂಗಣದ್ದಾಗಿರಬೇಕು. ಈ ನಾರಿನ ಬೋರ್ಡಿಗೆ ಫೈಬರ್ ಸಿಮೆಂಟ್ ಶೀಟ್ ಅಂತ ಹೆಸರು, ಅದರ ಮಾನಕ ಐಎಸ್ 14862, ಅದರಲ್ಲಿ ಬಿಸಿಲು ಮಳೆಗೆ ಒಡ್ಡುವುದಕ್ಕೆ ಟೈಪ್ ಎ ಅಂತ ಪ್ರತ್ಯೇಕ ಇದೆ. ಮರದ ಚೂರು ಸೇರಿಸಿ ಒತ್ತಿದ ಸಿಮೆಂಟ್ ಪಾರ್ಟಿಕಲ್ ಬೋರ್ಡೂ ಅಂಗಡಿಯಲ್ಲಿ ಸಿಮೆಂಟ್ ಬೋರ್ಡ್ ಅನ್ನುವ ಹೆಸರಿನಲ್ಲೇ ಸಿಗುತ್ತದೆ, ಅದರ ಅಂಚು ನೀರಿಗೆ ಸ್ವಲ್ಪ ಊದಿಕೊಳ್ಳಬಹುದು, ಈ ಗೋಡೆಗೆ ಬೇಡ. ಇನ್ನೊಂದು, ಈ ಬೋರ್ಡಿಗೆ ಪೆಟ್ಟು ತಡೆಯುವ ಶಕ್ತಿ ಕಡಿಮೆ. ಗಾಳಿಗೆ ತೆಂಗಿನಕಾಯಿಯೋ ಪಕ್ಕದ ಮನೆ ಹಂಚೋ ಬಂದು ಬಡಿದರೆ ಒಡೆಯುತ್ತದೆ. ಎರಡು ಬೋರ್ಡ್ ಜಾಸ್ತಿ ತಂದು ಒಳಗೆ ಒಣಗಿದ ಕಡೆ ಇಟ್ಟುಕೊಳ್ಳಿ.

ಆಸ್ಬೆಸ್ಟಾಸ್ ಬಗ್ಗೆ: ನಮ್ಮ ದೇಶದಲ್ಲಿ ಬಿಳಿ ಆಸ್ಬೆಸ್ಟಾಸ್ ಸೇರಿಸಿದ ಸಿಮೆಂಟ್ ಶೀಟು ಈಗಲೂ ಮಾರಾಟಕ್ಕಿದೆ, ನಿಷೇಧ ಆಗಿಲ್ಲ. ಹಾಗಾಗಿ ನಾನ್-ಆಸ್ಬೆಸ್ಟಾಸ್ ಅಂತ ಬೋರ್ಡಿನ ಮೇಲೂ ಬಿಲ್ಲಿನಲ್ಲೂ ಇರಲಿ, ಬಾಯಿಮಾತು ಸಾಲದು. ಆಸ್ಬೆಸ್ಟಾಸ್ ಇಲ್ಲದ ಬೋರ್ಡು ಕೊಯ್ಯುವಾಗಲೂ ಏಳುವ ದೂಳು ಒಳ್ಳೆಯದಲ್ಲ. ಅದರಲ್ಲಿ ಸಿಲಿಕಾ ಇದೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಹಾಳಾಗುತ್ತದೆ. ಗ್ರೈಂಡರ್ ಹಿಡಿದು ಬಿಳಿ ಮೋಡ ಎಬ್ಬಿಸುವ ಹುಡುಗರಿಗೆ ಮಾಸ್ಕ್ ಕೊಡಿಸಿ, ಅಂಗಳದಲ್ಲಿ ನೀರು ಚಿಮುಕಿಸುತ್ತಾ ಕೊಯ್ಯಲು ಹೇಳಿ. ಅವರು ಕೇಳುವುದಿಲ್ಲ, ಮನೆಯವರೇ ಹೇಳಬೇಕು.

ಹಾಗಾದರೆ ಏನು ಮಾಡುವುದು? ನನ್ನ ಸಲಹೆ, ಮೊದಲು ಗೋಡೆಯ ರಿಪೇರಿ. ಕಿಟಕಿ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಪೈಪಿನಿಂದ ಒಂದೊಂದು ಜಾಗಕ್ಕೆ ಅರ್ಧ ಗಂಟೆ ನೀರು ಬಿಟ್ಟು, ಒಳಗೆ ಎಲ್ಲಿ ಬರುತ್ತದೆ ನೋಡಿಸಿ. ಬಿರುಕನ್ನು ಅಗಲವಾಗಿ ಕೆತ್ತಿ, ಜಾಳಿಗೆ ಕೊಟ್ಟು ತುಂಬಿಸಿ. ಕಿಟಕಿಯ ಚೌಕಟ್ಟಿನ ಸುತ್ತ ಸೀಲ್ ಮಾಡಿಸಿ, ಕೆಳಗಿನ ಪಟ್ಟಿಗೆ ಹೊರಕ್ಕೆ ಇಳಿಜಾರು ಇರಲಿ, ಅಡಿಯಲ್ಲಿ ನೀರು ತೊಟ್ಟಿಕ್ಕಿ ಬೀಳಲು ಉದ್ದಕ್ಕೆ ಕೊರೆದ ಒಂದು ಗೆರೆ ಇರಲಿ. ಹಳೆ ಪೇಂಟ್ ಪೂರ್ತಿ ಕೆರೆದು, ಟೊಳ್ಳಾದ ಪ್ಲಾಸ್ಟರ್ ತೆಗೆದು, ಸುಣ್ಣ ಸೇರಿಸಿದ ಗಾರೆಯಲ್ಲಿ ಮತ್ತೆ ಮಾಡಿಸಿ, ಒಳಗಿನ ಆವಿಯನ್ನು ಹೊರಗೆ ಬಿಡುವ, ಉಸಿರಾಡುವ ಬಣ್ಣ ಹಚ್ಚಿಸಿ. ಖರ್ಚು ಬೋರ್ಡಿಗೆ ಹೋಲಿಸಿದರೆ ತುಂಬಾ ಕಡಿಮೆ. ಅಪಾಯ ಅಂದರೆ, ಅಷ್ಟು ತೆರೆದ ಗೋಡೆಯಲ್ಲಿ ಕೆಲವು ವರ್ಷಕ್ಕೆ ಸಣ್ಣ ಬಿರುಕು ಮತ್ತೆ ಬರಬಹುದು.

ಸೂರು ಎರಡು ಮೂರು ಅಡಿ ಹೊರಗೆ ಚಾಚಿಸುವುದೂ ಒಂದು ದಾರಿ, ಮಳೆಗೆ ಅದರಷ್ಟು ಒಳ್ಳೆಯದು ಇಲ್ಲ. ಆದರೆ ಚಾಚಿದ ಸೂರಿನ ಕೆಳಗೆ ಗಾಳಿ ಸಿಕ್ಕಿ ಮಾಡನ್ನೇ ಎತ್ತುತ್ತದೆ, ಜಂತಿಯನ್ನು ಗೋಡೆಗೆ ಬೋಲ್ಟ್ ಹಾಕಿ ಕಟ್ಟದೆ ಅದನ್ನು ಮಾಡಿಸಬೇಡಿ. ಕಂಬ ಇಟ್ಟು ವಿಸ್ತರಿಸುವುದಾದರೆ ನೀವು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಯಲ್ಲಿ ಬರಬಹುದು, ಪಂಚಾಯ್ತಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಬಣ್ಣದ ತಗಡು ಹೊಡೆಸುವುದು ಅಗ್ಗ, ನಮ್ಮ ಊರಲ್ಲಿ ತುಂಬಾ ಕಡೆ ಕಾಣುತ್ತದೆ. ಸಮುದ್ರಕ್ಕೆ ಇಷ್ಟು ಹತ್ತಿರ ಕೊಯ್ದ ಅಂಚಿನಿಂದ, ಸ್ಕ್ರೂ ತೂತಿನಿಂದ ತುಕ್ಕು ಬೇಗ ಶುರುವಾಗುತ್ತದೆ, ಸಡಿಲವಾದ ತಗಡು ಗಾಳಿಗೆ ಹಾರಿದರೆ ಮನುಷ್ಯರಿಗೆ ಬೋರ್ಡಿಗಿಂತ ಅಪಾಯ. ದಪ್ಪ ಕಾಂಕ್ರೀಟ್ ಪ್ಯಾನೆಲ್ ನಿಮ್ಮ ಅಡಿಪಾಯಕ್ಕೆ ಸುಮ್ನೆ ಹೊರೆ.

ರಿಪೇರಿ ಮಾಡಿಸಿ ಒಂದು ಮಳೆಗಾಲ ನೋಡಿ. ಆಮೇಲೂ ಒದ್ದೆ ಬಂದರೆ ಮಹಡಿಯ ಪಡುವಣ ಗೋಡೆಗೆ ಮಾತ್ರ, ಸಂದು ಬಿಟ್ಟು ಬೋರ್ಡ್ ಹಾಕಿಸಿ. ಮನೆ ಸುತ್ತಲೂ ಬೇಕಿಲ್ಲ. ಹಾಕುವ ಮುಂಚೆ ಬೋರ್ಡಿನ ಎರಡೂ ಮುಖ, ನಾಲ್ಕೂ ಅಂಚಿಗೆ ಪ್ರೈಮರ್ ಬೀಳಲಿ, ಸ್ಥಳದಲ್ಲಿ ಕೊಯ್ದ ಅಂಚಿಗೂ. ಬಣ್ಣ ಕೆಲವು ವರ್ಷಕ್ಕೊಮ್ಮೆ ಮತ್ತೆ ಬೇಕು. ಮೂವತ್ತು ವರ್ಷ ಚಿಂತೆ ಇಲ್ಲ ಅನ್ನುವುದು ಬೋರ್ಡಿಗೆ ಇರಬಹುದು, ಬಣ್ಣಕ್ಕೂ ಜಾಯಿಂಟಿಗೂ ಇಲ್ಲ. ಪ್ರತಿ ಮೇ ತಿಂಗಳು ಯಾರನ್ನಾದರೂ ಹತ್ತಿಸಿ ಮೂಲೆಯ ಸ್ಕ್ರೂ ನೋಡಿಸಬೇಕು.

ಈ ಮೇ ಒಳಗೆ ಬೋರ್ಡ್ ಕೆಲಸ ಬೇಡ. ಫ್ರೇಮು ಅರ್ಧ ಆಗಿ ಮಳೆ ಬಂದರೆ ಸ್ಕ್ರೂ ಎಣಿಸುವವರು ಯಾರೂ ಇರುವುದಿಲ್ಲ, ಗಡಿಬಿಡಿಯಲ್ಲಿ ಮುಗಿಸುತ್ತಾರೆ. ಈಗ ಬಿರುಕು, ಕಿಟಕಿ, ಬೀಮು ಇಷ್ಟು ಮಾಡಿಸಿ. ಬೋರ್ಡ್ ಬೇಕಾದರೆ ಗೋಡೆ ಒಣಗಿದ ಮೇಲೆ, ಡಿಸೆಂಬರಿನಿಂದ ಮಾರ್ಚಿನ ಒಳಗೆ.

ಆಗ ಕಾಂಟ್ರಾಕ್ಟರ್ ಸ್ಟೇನ್‌ಲೆಸ್ ಸ್ಕ್ರೂ ಅಂತ ತಂದು ತೋರಿಸುತ್ತಾರೆ. ಒಂದು ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ ಅದು ಬಹುಶಃ 410 ಗ್ರೇಡ್, ತಾನೇ ಕೊರೆದುಕೊಂಡು ಹೋಗುವ ಸ್ಕ್ರೂಗಳು ಹೆಚ್ಚಾಗಿ ಅದೇ, ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ನಿಮಗೆ ಬೇಕಾದದ್ದು 316. ಅದಕ್ಕೂ 304ಕ್ಕೂ ಅಯಸ್ಕಾಂತದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ಹಾಗಾಗಿ ಡಬ್ಬಿಯ ಮೇಲೂ ಬಿಲ್ಲಿನಲ್ಲೂ 316 ಅಂತ ಬರೆದದ್ದನ್ನು ನೋಡಿಯೇ ಅಡ್ವಾನ್ಸ್ ಕೊಡಿ.